ನಕ್ಷತ್ರ, ಓರೆಗೆರೆ, ಆವರಣ: ಸಾಲಿನೊಳಗಿನ ಗುರುತುಗಳ ಕಥೆ

ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಗ್ರಂಥಾಲಯದಲ್ಲಿ ಜೆನೊಡೋಟಸ್ ಎಂಬ ಪಂಡಿತ ಹೋಮರನ ಕಾವ್ಯಗಳನ್ನು ಪರಿಷ್ಕರಿಸಲು ಕುಳಿತಾಗ ಅವನಿಗೊಂದು ಇಕ್ಕಟ್ಟು ಎದುರಾಯಿತು. ಹೋಮರನದಲ್ಲ ಎಂಬ ಅನುಮಾನ ಬಂದ ಸಾಲನ್ನು ಅಳಿಸಿಬಿಡುವಂತಿಲ್ಲ. ಹಾಗೆಂದು ಏನೂ ಹೇಳದೆ ಬಿಡುವಂತೆಯೂ ಇಲ್ಲ. ಅವನು ಸಾಲಿನ ಪಕ್ಕದಲ್ಲಿ ಒಂದು ಚಿಕ್ಕ ಅಡ್ಡಗೆರೆ ಎಳೆದ. ಅವನ ನಂತರ ಬಂದ ಪಂಡಿತರು ಇದಕ್ಕೆ ನಕ್ಷತ್ರದ ಗುರುತನ್ನೂ ಸೇರಿಸಿದರು. ನಮ್ಮಲ್ಲಿಯೂ ಓಲೆಗರಿ ಬರೆಯುವವರು ಬಿಟ್ಟುಹೋದ ಅಕ್ಷರವನ್ನು ಸೇರಿಸಲು ಹಂಸಪಾದ ಹಾಕುತ್ತಿದ್ದರು. ಬರಹ ಒಂದು, ಬರಹದ ಬಗೆಗಿನ ಸೂಚನೆ ಇನ್ನೊಂದು. ಎರಡೂ ಒಂದೇ ಹಾಳೆಯ ಮೇಲೆ ಇರಬೇಕು, ಆದರೆ ಒಂದರೊಳಗೊಂದು ಬೆರೆತು ಹೋಗಬಾರದು.

ಇದೇ ಸಮಸ್ಯೆ ಕಳೆದ ಅರವತ್ತು ವರ್ಷಗಳಿಂದ ಕಂಪ್ಯೂಟರ್ ತಂತ್ರಾಂಶಗಳಿಗೆ ಕೈಪಿಡಿ ಬರೆಯುವವರನ್ನು ಕಾಡಿದೆ. ಅವರು ಕಂಡುಕೊಂಡ ಪರಿಹಾರಗಳಲ್ಲಿ ಕೆಲವು ಇಂದು ಕೋಟ್ಯಂತರ ಜನರ ಬೆರಳ ತುದಿಯಲ್ಲಿವೆ. ವಾಟ್ಸ್‌ಆ್ಯಪ್‌ನಲ್ಲಿ ಒಂದು ಪದದ ಎರಡೂ ಬದಿಗೆ ನಕ್ಷತ್ರ ಹಾಕಿದರೆ ಆ ಪದ ದಪ್ಪಕ್ಷರವಾಗಿ ಕಾಣಿಸುತ್ತದೆ ಎಂಬುದು ಈಗ ಶಾಲಾ ಮಕ್ಕಳಿಗೂ ಗೊತ್ತು. ಆದರೆ ನಕ್ಷತ್ರವೇ ಏಕೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಒಂದು ಸ್ವಾರಸ್ಯಕರ ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ.

ಅಚ್ಚುಕೂಟದ ಬಳುವಳಿ

ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಹಸ್ತಪ್ರತಿ ನೇರವಾಗಿ ಮೊಳೆ ಜೋಡಿಸುವವನ ಕೈಗೆ ಹೋಗುತ್ತಿರಲಿಲ್ಲ. ನಡುವೆ ಒಬ್ಬರು ಕುಳಿತು ಪೆನ್ಸಿಲ್ ಹಿಡಿದು ಗುರುತು ಹಾಕುತ್ತಿದ್ದರು. ಪದದ ಕೆಳಗೆ ಒಂದು ಗೆರೆ ಎಂದರೆ ಓರೆ ಅಕ್ಷರ. ಅಲೆಅಲೆಯಾದ ಗೆರೆ ಎಂದರೆ ದಪ್ಪಕ್ಷರ. ಇಂಗ್ಲಿಷಿನಲ್ಲಾದರೆ ಮೂರು ಗೆರೆ ಎಂದರೆ ದೊಡ್ಡಕ್ಷರ. ಈ ಗುರುತು ಹಾಕುವ ಕೆಲಸಕ್ಕೆ ಇಂಗ್ಲಿಷಿನಲ್ಲಿದ್ದ ಹೆಸರೇ ಮಾರ್ಕಪ್. ಕಂಪ್ಯೂಟರಿನವರು ಆ ಪದವನ್ನು ಅಚ್ಚುಕೂಟದಿಂದಲೇ ಎತ್ತಿಕೊಂಡರು.

ಪೆನ್ಸಿಲ್ಲಿಗೆ ಒಂದು ಅನುಕೂಲವಿತ್ತು. ಅಕ್ಷರ ಶಾಯಿಯಲ್ಲಿ, ಗುರುತು ಪೆನ್ಸಿಲ್ಲಿನಲ್ಲಿ. ಒಂದನ್ನು ಇನ್ನೊಂದೆಂದು ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಕಂಪ್ಯೂಟರಿನ ಕೀಲಿಮಣೆಯಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಅಕ್ಷರವೂ ಗುರುತೂ ಒಂದೇ ಚೀಲದಿಂದ ಬರಬೇಕು. ಅಮೆರಿಕದಲ್ಲಿ 1963ರಲ್ಲಿ ಮೊದಲು ಪ್ರಕಟವಾಗಿ, 1967ರಲ್ಲಿ ಹೆಚ್ಚು ಕಡಿಮೆ ಇಂದಿನ ರೂಪಕ್ಕೆ ಬಂದ ಆಸ್ಕಿ ಎಂಬ ಸಂಕೇತಮಾಲೆಯಲ್ಲಿ ಅಚ್ಚಾಗುವ ಚಿಹ್ನೆಗಳು 95. ಅದರಲ್ಲಿ ಇಂಗ್ಲಿಷಿನ ಅಕ್ಷರಗಳು, ಅಂಕಿಗಳು ಮತ್ತು ಖಾಲಿ ಜಾಗವನ್ನು ಕಳೆದರೆ ಉಳಿಯುವುದು 32 ಮಾತ್ರ. ಇಲ್ಲಿಂದ ಮುಂದಿನ ಕಥೆಯೆಲ್ಲ ಈ 32 ಚಿಹ್ನೆಗಳನ್ನು ಹಂಚಿಕೊಳ್ಳುವ ದಾಯಾದಿ ಕಲಹವೇ.

ಕಥೆ, ಕಾದಂಬರಿ ಬರೆಯುವವರಿಗೆ ಇದರಿಂದ ದೊಡ್ಡ ತೊಂದರೆಯಿಲ್ಲ. ಕಾದಂಬರಿಯಲ್ಲಿ ನಕ್ಷತ್ರ ಬರುವುದೇ ಅಪರೂಪ. ತಂತ್ರಾಂಶದ ಕೈಪಿಡಿ ಹಾಗಲ್ಲ. ಅಲ್ಲಿ ನಕ್ಷತ್ರವೆಂದರೆ ಗುಣಾಕಾರ. ಅಡಿಗೆರೆ ಎರಡು ಹೆಸರುಗಳನ್ನು ಜೋಡಿಸುವ ಕೊಂಡಿ. ಕೋನಾವರಣ ಹೆಚ್ಚು-ಕಡಿಮೆಯ ಚಿಹ್ನೆ. ಹಿಂದಕ್ಕೆ ವಾಲಿದ ಓರೆಗೆರೆಗೂ ಬೇರೆ ಕೆಲಸವಿದೆ. ಯಾವ ಚಿಹ್ನೆಯನ್ನು ಗುರುತಾಗಿ ಆರಿಸಿಕೊಂಡರೂ ಅದು ವಿಷಯದ ಒಳಗೂ ಬಂದೇ ಬರುತ್ತದೆ. ಕಳ್ಳರನ್ನು ಹಿಡಿಯಲು ಬಂದವರೂ ಕಳ್ಳರ ವೇಷದಲ್ಲೇ ಇದ್ದರೆ ಹೇಗೋ ಹಾಗೆ.

ಆದ್ದರಿಂದ ಸಾಲಿನೊಳಗೆ ಹಾಕುವ ಗುರುತಿಗೆ ನಾಲ್ಕು ಗುಣಗಳು ಬೇಕು. ಅದು ವಿಷಯದೊಳಗೆ ಅಪರೂಪವಾಗಿರಬೇಕು. ಬೆರಳಿಗೆ ಸುಲಭವಾಗಿ ಸಿಗಬೇಕು. ಯಂತ್ರ ಅದನ್ನು ಸಂಸ್ಕರಿಸುವ ಮೊದಲೇ ಮನುಷ್ಯರು ಓದಿದರೂ ಕಣ್ಣಿಗೆ ಅಡ್ಡ ಬರಬಾರದು. ಕೊನೆಯದಾಗಿ, ಒಂದು ಪದ ಹೇಗೆ ಕಾಣಬೇಕು ಎಂಬುದಕ್ಕಿಂತ ಅದು ಏನು ಎಂಬುದನ್ನು ಹೇಳಬೇಕು. ಈ ನಾಲ್ಕೂ ಒಟ್ಟಿಗೆ ಒದಗಿದ ಗುರುತು ಇದುವರೆಗೆ ಯಾರಿಗೂ ಸಿಕ್ಕಿಲ್ಲ. ಪ್ರತಿಯೊಬ್ಬರೂ ಒಂದನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಬಿಟ್ಟುಕೊಟ್ಟಿದ್ದಾರೆ.

ಸಾಲಿನ ಮೊದಲಿಗೊಂದು ಚುಕ್ಕಿ

1964ರಲ್ಲಿ ಅಮೆರಿಕದ ಎಂಐಟಿಯಲ್ಲಿ ಸಂಶೋಧನೆ ಮಾಡುತ್ತಿದ್ದ ಜೆರೋಮ್ ಸಾಲ್ಟ್‌ಜರ್ ತಮ್ಮ ಪ್ರಬಂಧದ ಪ್ರಸ್ತಾವವನ್ನು ಅಚ್ಚುಕಟ್ಟಾಗಿ ಮುದ್ರಿಸಿಕೊಳ್ಳಲು ರನ್‌ಆಫ್ ಎಂಬ ಪ್ರೋಗ್ರಾಮನ್ನು ಬರೆದರು. ಅವರು ಆರಿಸಿಕೊಂಡ ಉಪಾಯ ಬಹಳ ಸರಳ: ಒಂದು ಸಾಲು ಚುಕ್ಕಿಯಿಂದ ಆರಂಭವಾದರೆ ಅದು ಬರಹವಲ್ಲ, ಯಂತ್ರಕ್ಕೆ ಕೊಟ್ಟ ಆಜ್ಞೆ. ವಾಕ್ಯ ಮುಗಿಯುವಾಗ ಚುಕ್ಕಿ ಬರುತ್ತದೆಯೇ ಹೊರತು ಸಾಲು ಆರಂಭವಾಗುವಾಗ ಯಾರೂ ಚುಕ್ಕಿ ಇಡುವುದಿಲ್ಲ. ಅಪರೂಪದ ಚಿಹ್ನೆಯನ್ನು ಹುಡುಕುವ ಬದಲು ಅವರು ಅಪರೂಪದ ಜಾಗವನ್ನು ಹುಡುಕಿದ್ದರು.

ಈ ಚುಕ್ಕಿ ಬೆಲ್ ಲ್ಯಾಬ್ಸ್‌ಗೆ ಹೋಯಿತು. ಅಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತವರ ಗೆಳೆಯರು ಯೂನಿಕ್ಸ್ ಕಾರ್ಯಾಚರಣಾ ವ್ಯವಸ್ಥೆಯನ್ನು ಕಟ್ಟುತ್ತಿದ್ದರು. ಹೊಸ ಯಂತ್ರ ಕೊಳ್ಳಲು ಹಣ ಬೇಕಿತ್ತು. ಸಂಸ್ಥೆಯ ಪೇಟೆಂಟ್ ವಿಭಾಗದ ಅರ್ಜಿಗಳನ್ನು ಸಿದ್ಧಪಡಿಸಲು ಬರಹ ಸಂಸ್ಕರಣ ವ್ಯವಸ್ಥೆಯೊಂದನ್ನು ಮಾಡಿಕೊಡುತ್ತೇವೆ ಎಂಬ ಭರವಸೆಯ ಮೇಲೆ ಯಂತ್ರ ಬಂತು; 1971ರಲ್ಲಿ ಪೇಟೆಂಟ್ ವಿಭಾಗದ ಟೈಪಿಸ್ಟರು ಅದರ ಮೇಲೆ ಕೆಲಸ ಆರಂಭಿಸಿದರು. ಯೂನಿಕ್ಸ್‌ನ ಮೊದಲ ಕೈಪಿಡಿಯ ಮೇಲಿರುವ ದಿನಾಂಕ 1971ರ ನವೆಂಬರ್ 3. ಇಂದು ಲೋಕದ ಬಹುಪಾಲು ಸರ್ವರ್‌ಗಳನ್ನೂ ಮೊಬೈಲುಗಳನ್ನೂ ನಡೆಸುವ ವ್ಯವಸ್ಥೆಗಳ ಪೂರ್ವಜನಿಗೆ ಯಂತ್ರ ಒದಗಿದ್ದು ಅರ್ಜಿ ಟೈಪು ಮಾಡುವ ಕೆಲಸದ ನೆಪದಿಂದ ಎಂಬುದು ಚರಿತ್ರೆಯ ಒಂದು ವಿನೋದ.

ಆದರೆ ಚುಕ್ಕಿಯ ಉಪಾಯದಲ್ಲಿ ಒಂದು ಕೊರತೆಯಿತ್ತು. ಇಡೀ ಸಾಲಿಗೆ, ಪುಟಕ್ಕೆ ಸಂಬಂಧಿಸಿದ ಸೂಚನೆಗೆ ಅದು ಸರಿ. ಸಾಲಿನ ನಡುವೆ ಇರುವ ಒಂದೇ ಪದವನ್ನು ದಪ್ಪ ಮಾಡಬೇಕಾದರೆ? 1973ರ ಸುಮಾರಿಗೆ ಬೆಲ್ ಲ್ಯಾಬ್ಸ್‌ನ ಜೋ ಒಸ್ಸಾನ್ನ ಅವರು ಫೋಟೋಟೈಪ್‌ಸೆಟ್ಟರ್ ಯಂತ್ರಕ್ಕಾಗಿ ಟ್ರಾಫ್ ಎಂಬ ಪ್ರೋಗ್ರಾಮನ್ನು ಬರೆದಾಗ ಈ ಕೆಲಸಕ್ಕೆ ಬಂದದ್ದು ಹಿಂದಕ್ಕೆ ವಾಲಿದ ಓರೆಗೆರೆ, ಅಂದರೆ ಬ್ಯಾಕ್‌ಸ್ಲ್ಯಾಶ್.

ಓರೆಗೆರೆಗೆ ತೆತ್ತ ಬೆಲೆ

ಬ್ಯಾಕ್‌ಸ್ಲ್ಯಾಶ್ ಯಾವ ಭಾಷೆಯ ಬರವಣಿಗೆಯಲ್ಲೂ ಬಳಕೆಯಲ್ಲಿದ್ದ ಚಿಹ್ನೆಯಲ್ಲ. ಆಲ್ಗಾಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ತರ್ಕಚಿಹ್ನೆಗಳನ್ನು ಎರಡು ಓರೆಗೆರೆಗಳನ್ನು ಜೋಡಿಸಿ ಮೂಡಿಸಬಹುದು ಎಂಬ ಕಾರಣಕ್ಕೆ ಐಬಿಎಂನ ಬಾಬ್ ಬೀಮರ್ ಅದನ್ನು ಆಸ್ಕಿಗೆ ಸೇರಿಸಲು ಕಾರಣರಾದರು. ಯಾರಿಗೂ ಬೇಡವಾದ ಚಿಹ್ನೆಯಾದ್ದರಿಂದಲೇ ಅದು ಗುರುತು ಹಾಕುವವರಿಗೆ ಹೇಳಿ ಮಾಡಿಸಿದಂತಿತ್ತು. 1977ರಲ್ಲಿ ಸ್ಟ್ಯಾನ್‌ಫರ್ಡ್‌ನ ಡೊನಾಲ್ಡ್ ಕ್ನೂತ್ ತಮ್ಮ ಪುಸ್ತಕದ ಹೊಸ ಆವೃತ್ತಿಯ ಕರಡಚ್ಚಿನ ಅಂದಗೇಡಿತನ ನೋಡಿ ಬೇಸತ್ತು, ಟೆಕ್ ಎಂಬ ಮುದ್ರಣ ವ್ಯವಸ್ಥೆಯನ್ನು ತಾವೇ ರೂಪಿಸಲು ಹೊರಟಾಗಲೂ ಆರಿಸಿಕೊಂಡದ್ದು ಇದೇ ಗೆರೆಯನ್ನು.

ತೊಡಕೆಂದರೆ, ಕಾಲಿಯಾಗಿದ್ದ ಸೈಟಿನ ಮೇಲೆ ಎಲ್ಲರ ಕಣ್ಣೂ ಬೀಳುತ್ತದೆ. ಟ್ರಾಫ್ ಹುಟ್ಟಿದ ಬೆಲ್ ಲ್ಯಾಬ್ಸ್‌ನಲ್ಲೇ ಹುಟ್ಟಿದ ಸಿ ಭಾಷೆಯೂ ಬ್ಯಾಕ್‌ಸ್ಲ್ಯಾಶನ್ನು ತನ್ನ ಸ್ವಂತ ಕೆಲಸಕ್ಕೆ ಇಟ್ಟುಕೊಂಡಿತು. ಹಾಗಾಗಿ ಸಿ ಭಾಷೆಯ ಕೈಪಿಡಿಯನ್ನು ಟ್ರಾಫ್‌ನಲ್ಲಿ ಬರೆಯುವವರು ಪ್ರತಿ ಬ್ಯಾಕ್‌ಸ್ಲ್ಯಾಶಿಗೂ ಇನ್ನೊಂದು ರಕ್ಷಾಕವಚ ತೊಡಿಸಬೇಕಾಯಿತು. ಟೆಕ್‌ನಲ್ಲಿ ವಿಶೇಷ ಅರ್ಥವುಳ್ಳ ಚಿಹ್ನೆಗಳು ಹತ್ತು; ಅಡಿಗೆರೆಯೂ ಅವುಗಳಲ್ಲೊಂದು. ಪ್ರೋಗ್ರಾಮಿನ ಹೆಸರುಗಳಲ್ಲಿ ಅಡಿಗೆರೆ ಹೆಜ್ಜೆಹೆಜ್ಜೆಗೂ ಬರುವುದರಿಂದ ಬರೆಯುವವರ ಗಮನವೆಲ್ಲ ಕವಚ ತೊಡಿಸುವುದರಲ್ಲೇ ಕಳೆದುಹೋಗುತ್ತಿತ್ತು.

ಇದು ಬರೆಯುವವರ ಬೇಸರದ ಮಾತು ಮಾತ್ರವಲ್ಲ, ಓದುವವರಿಗೂ ಪೆಟ್ಟು ಬಿದ್ದಿದೆ. ಯೂನಿಕ್ಸ್ ಆಜ್ಞೆಗಳ ಆಯ್ಕೆಗಳು ಒಂದು ಅಡ್ಡಗೆರೆಯಿಂದ ಆರಂಭವಾಗುತ್ತವೆ. ಟ್ರಾಫ್‌ನಲ್ಲಿ ಬರೀ ಅಡ್ಡಗೆರೆ ಎಂದರೆ ಪದಗಳನ್ನು ಜೋಡಿಸುವ ಸಣ್ಣ ಗೆರೆ. ಅದರ ಹಿಂದೆ ಬ್ಯಾಕ್‌ಸ್ಲ್ಯಾಶ್ ಇದ್ದರೆ ಮಾತ್ರ ಅದು ಋಣಚಿಹ್ನೆ. ಹಳೆಯ ಯಂತ್ರಗಳ ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತಿದ್ದುದರಿಂದ ಲೇಖಕರು ಈ ಭೇದವನ್ನು ಗಮನಿಸಲಿಲ್ಲ. ಮುಂದೆ ಜಗತ್ತಿನ ಲಿಪಿಗಳನ್ನೆಲ್ಲ ಒಳಗೊಂಡ ಯೂನಿಕೋಡ್ ಬಂದು ಎರಡು ಗೆರೆಗಳಿಗೂ ಬೇರೆಬೇರೆ ಸಂಕೇತ ಸಿಕ್ಕಿತು. ಆಗ ಕೈಪಿಡಿಯಿಂದ ಆಜ್ಞೆಯನ್ನು ನಕಲು ಮಾಡಿ ಹಾಕಿದರೆ ಯಂತ್ರ ಅದನ್ನು ಒಪ್ಪಲೊಲ್ಲದು! ಕಣ್ಣಿಗೆ ಕಾಣುವ ಗೆರೆ ಸರಿಯಾಗಿಯೇ ಇದೆ, ಒಳಗಿನ ಸಂಕೇತ ಮಾತ್ರ ಬೇರೆ. ಕೊನೆಗೆ ಲಿನಕ್ಸ್ ವಿತರಕರಲ್ಲಿ ಹಲವರು ಕೈಪಿಡಿಗಳನ್ನು ತಿದ್ದುವ ಗೋಜಿಗೆ ಹೋಗದೆ, ಎಲ್ಲ ಗೆರೆಗಳನ್ನೂ ಒಂದೇ ರೀತಿ ತೋರಿಸುವಂತೆ ವ್ಯವಸ್ಥೆಯನ್ನೇ ಬದಲಿಸಿದರು. 1973ರಲ್ಲಿ ಮಾಡಿದ ಒಂದು ಆಯ್ಕೆಯ ಸಾಲವನ್ನು ಮೂವತ್ತು ವರ್ಷಗಳ ನಂತರ ಬೇರೆಯವರು ತೀರಿಸಬೇಕಾಯಿತು.

ರೂಪವೋ, ಅರ್ಥವೋ?

ಇಷ್ಟರಲ್ಲಿ ಇನ್ನೊಂದು ಪ್ರಶ್ನೆ ತಲೆಯೆತ್ತಿತ್ತು. ‘ಈ ಪದ ದಪ್ಪಗಿರಲಿ’ ಎಂದು ಬರೆದರೆ ಯಂತ್ರಕ್ಕೆ ರೂಪ ಗೊತ್ತಾಗುತ್ತದೆ, ಅರ್ಥ ಗೊತ್ತಾಗುವುದಿಲ್ಲ. ಆ ಪದ ದಪ್ಪಗಿರುವುದು ಅದೊಂದು ಆಜ್ಞೆಯೆಂದೋ, ಕಡತದ ಹೆಸರೆಂದೋ, ಎಚ್ಚರಿಕೆಯ ಮಾತೆಂದೋ? 1967ರಲ್ಲಿ ವಿಲಿಯಂ ಟನ್ನಿಕ್ಲಿಫ್ ಎಂಬವರು ಕೆನಡಾ ಸರ್ಕಾರದ ಮುದ್ರಣಾಲಯದಲ್ಲಿ ನಡೆದ ಸಭೆಯೊಂದರಲ್ಲಿ, ಬರಹದ ವಿಷಯವನ್ನೂ ಅದರ ರೂಪವನ್ನೂ ಬೇರ್ಪಡಿಸಬೇಕು ಎಂದು ವಾದಿಸಿದರು. 1969ರಲ್ಲಿ ಐಬಿಎಂನ ಚಾರ್ಲ್ಸ್ ಗೋಲ್ಡ್‌ಫಾರ್ಬ್, ಎಡ್ವರ್ಡ್ ಮೋಷರ್ ಮತ್ತು ರೇಮಂಡ್ ಲೋರಿ ಈ ವಿಚಾರಕ್ಕೆ ಒಂದು ಭಾಷೆಯ ರೂಪ ಕೊಟ್ಟರು. ಜಿಎಂಎಲ್ ಎಂಬ ಅದರ ಹೆಸರಿನಲ್ಲಿ ಮೂವರ ಮನೆತನದ ಹೆಸರುಗಳ ಮೊದಲ ಅಕ್ಷರಗಳೂ ಅಡಗಿವೆ. ಅದೇ ಬೆಳೆದು 1986ರಲ್ಲಿ ಎಸ್‌ಜಿಎಂಎಲ್ ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಕೋನಾವರಣಗಳ ಒಳಗೆ ಹೆಸರು ಬರೆಯುವ ಅದರ ಪದ್ಧತಿಯನ್ನು ಟಿಮ್ ಬರ್ನರ್ಸ್-ಲೀ ತಮ್ಮ ವೆಬ್ಬಿಗಾಗಿ ಎರವಲು ಪಡೆದರು.

ಈ ದಾರಿಯಲ್ಲಿ ಬಹಳ ಜಾಣ್ಮೆಯ ಹೆಜ್ಜೆ ಇಟ್ಟವರು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಬ್ರಯನ್ ರೀಡ್. 1980ರ ಅವರ ಪಿಎಚ್.ಡಿ. ಪ್ರಬಂಧದ ವಿಷಯವಾಗಿದ್ದ ಸ್ಕ್ರೈಬ್ ವ್ಯವಸ್ಥೆಯಲ್ಲಿ ವಿಶೇಷ ಚಿಹ್ನೆ ಒಂದೇ: ಇಂದು ನಾವು ಇ-ಮೇಲ್ ವಿಳಾಸಗಳಲ್ಲಿ ಕಾಣುವ @. ಅದರ ಮುಂದೆ ಒಂದು ಹೆಸರು, ಆಮೇಲೆ ಆವರಣದೊಳಗೆ ಪದ. ಆವರಣ ದುಂಡಗಿರಬಹುದು, ಚೌಕವಿರಬಹುದು, ಬಳ್ಳಿಯಂತಿರಬಹುದು, ಕೋನವಾಗಿರಬಹುದು. ವಿಷಯದೊಳಗೆ ಬಾರದಿರುವುದನ್ನು ಲೇಖಕರೇ ಆರಿಸಿಕೊಳ್ಳಬಹುದು. ಗುರುತು ಮತ್ತು ವಿಷಯದ ಘರ್ಷಣೆಯನ್ನು ಹೀಗೆ ಹೆಚ್ಚು ಸದ್ದಿಲ್ಲದೆ ಬಗೆಹರಿಸಿದ್ದು ಅದೇ. ಇದೇ @ ಚಿಹ್ನೆಯನ್ನು ಮುಂದುವರಿಸಿದ ಗ್ನೂ ಯೋಜನೆಯ ಟೆಕ್ಸ್‌ಇನ್ಫೋ ವ್ಯವಸ್ಥೆಯಲ್ಲಿ ಕಡತದ ಹೆಸರಿಗೆ ಒಂದು ಗುರುತು, ಕೀಲಿಮಣೆಯಲ್ಲಿ ಒತ್ತಬೇಕಾದದ್ದಕ್ಕೆ ಇನ್ನೊಂದು, ಓದುಗರು ತಮ್ಮದೇ ಬೆಲೆ ತುಂಬಬೇಕಾದ ಪದಕ್ಕೆ ಮತ್ತೊಂದು ಎಂದು ವಿಂಗಡಣೆಯಿದೆ. 1990ರ ಸುಮಾರಿಗೆ ಬರ್ಕ್ಲಿಯಲ್ಲಿ ಸಿಂಥಿಯಾ ಲಿವಿಂಗ್‌ಸ್ಟನ್ ಅವರು ಯೂನಿಕ್ಸ್ ಕೈಪಿಡಿಗಳಿಗೂ ಇಂಥದೇ ಅರ್ಥಸೂಚಕ ಗುರುತುಗಳನ್ನು ರೂಪಿಸಿದರು.

ಇವೆಲ್ಲ ಉತ್ತಮ ವ್ಯವಸ್ಥೆಗಳೇ. ಆದರೆ ಇಷ್ಟೊಂದು ಹೆಸರುಗಳನ್ನು ನೆನಪಿಡುವವರು ಯಾರು? ಪ್ರೋಗ್ರಾಮು ಬರೆಯುವವರಿಗೆ ಮೊದಲೇ ಕೈಪಿಡಿ ಬರೆಯುವುದೆಂದರೆ ಅಷ್ಟಕ್ಕಷ್ಟೆ. ನಿಯಮ ಹೆಚ್ಚಿದಷ್ಟೂ ಬರೆಯುವವರು ಕಡಿಮೆಯಾದರು. ಬರೆಯದ ಕೈಪಿಡಿಯಲ್ಲಿ ಅರ್ಥಸೂಚಕ ಗುರುತುಗಳಿದ್ದರೇನು, ಇಲ್ಲದಿದ್ದರೇನು?

ಸರಳತೆಯ ಕಡೆಗೆ

1990ರ ದಶಕದಲ್ಲಿ ಗಾಳಿ ಬೇರೆ ದಿಕ್ಕಿಗೆ ಬೀಸತೊಡಗಿತು. 1994ರಲ್ಲಿ ಬಂದ ಪರ್ಲ್ ಭಾಷೆಯ ಐದನೆಯ ಆವೃತ್ತಿಯೊಂದಿಗೆ ಲ್ಯಾರಿ ವಾಲ್ ಪಾಡ್ ಎಂಬ ಚಿಕ್ಕ ಗುರುತುಭಾಷೆಯನ್ನು ಕೊಟ್ಟರು. ಒಂದು ದೊಡ್ಡಕ್ಷರ, ಅದಕ್ಕಂಟಿಕೊಂಡ ಕೋನಾವರಣ, ಅಷ್ಟೆ. ದುರದೃಷ್ಟಕ್ಕೆ ಪರ್ಲ್ ಭಾಷೆಯಲ್ಲೇ ಬಾಣದ ಗುರುತಿಗೆ ಕೋನಾವರಣ ಬರುತ್ತದೆ. ಹೀಗಾಗಿ ಮುಂದೆ ಒಂದರ ಬದಲು ಎರಡು ಆವರಣ ಬಳಸಲು ಅವಕಾಶ ಕೊಡಬೇಕಾಯಿತು.

ಇನ್ನೊಂದು ಕಡೆ, ಇ-ಮೇಲ್ ಬರೆಯುವ ಸಾಮಾನ್ಯ ಜನ ಯಾರ ಅಪ್ಪಣೆಗೂ ಕಾಯದೆ ತಮ್ಮದೇ ಪದ್ಧತಿ ಮಾಡಿಕೊಂಡಿದ್ದರು. ಒತ್ತಿ ಹೇಳಬೇಕಾದ ಪದಕ್ಕೆ ಎರಡೂ ಬದಿ ನಕ್ಷತ್ರ. ಪುಸ್ತಕದ ಹೆಸರಿಗೆ ಎರಡೂ ಬದಿ ಅಡಿಗೆರೆ. ಟೈಪ್‌ರೈಟರಿನ ಕಾಲದಲ್ಲಿ ಪದದ ಕೆಳಗೆ ಗೆರೆ ಎಳೆಯುತ್ತಿದ್ದುದರ ನೆನಪು ಅದು. ಅದರ ಹಿಂದೆ ಮೊಳೆ ಜೋಡಿಸುವವನಿಗೆ ಎಳೆದ ಪೆನ್ಸಿಲ್ ಗೆರೆಯೂ ಇದೆ. 1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ಮೊದಲ ವಿಕಿಯನ್ನು ಆರಂಭಿಸಿ, ಒತ್ತಿಗೆ ಎರಡು, ಇನ್ನೂ ಒತ್ತಿಗೆ ಮೂರು ಒಂಟಿ ಉದ್ಧರಣ ಚಿಹ್ನೆಗಳನ್ನು ಬಳಸಿದರು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿಯೂ ದಪ್ಪಕ್ಷರಕ್ಕೆ ಇದೇ ಮೂರು ಚಿಹ್ನೆ.

ಪೈಥಾನ್ ಭಾಷಾವಲಯದ ಡೇವಿಡ್ ಗುಡ್ಜರ್ 2001-02ರಲ್ಲಿ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಎಂಬ ಪದ್ಧತಿಯನ್ನು ರೂಪಿಸಿದರು. ಪೈಥಾನಿನ ಅಧಿಕೃತ ಕೈಪಿಡಿ ಅಲ್ಲಿಯವರೆಗೆ ಟೆಕ್‌ನ ಬಳಗಕ್ಕೆ ಸೇರಿದ ಲೇಟೆಕ್‌ನಲ್ಲಿತ್ತು. ಗಿಯಾರ್ಗ್ ಬ್ರಾಂಡಲ್ ಅದನ್ನು ಹೊಸ ಪದ್ಧತಿಗೆ ಬದಲಿಸಿ, ಅದಕ್ಕಾಗಿ ಬರೆದ ಸ್ಫಿಂಕ್ಸ್ ಎಂಬ ಸಾಧನವನ್ನು 2008ರಲ್ಲಿ ಬಿಡುಗಡೆ ಮಾಡಿದರು. 2004ರಲ್ಲಿ ಜಾನ್ ಗ್ರೂಬರ್, ಏರನ್ ಸ್ವಾರ್ಟ್ಜ್ ಅವರ ನೆರವಿನೊಂದಿಗೆ, ಮಾರ್ಕ್‌ಡೌನ್ ಪ್ರಕಟಿಸಿದರು. ಸಂಸ್ಕರಿಸದ ಬರಹವೂ ಸಹಜ ಬರಹದಂತೆ ಓದಿಸಿಕೊಳ್ಳಬೇಕು ಎಂಬುದು ಅದರ ಧ್ಯೇಯ. ಪ್ರೋಗ್ರಾಮಿನ ತುಣುಕಿಗೆ ಅವರು ಬಳಸಿದ್ದು ಕೀಲಿಮಣೆಯ ಮೂಲೆಯಲ್ಲಿ ಬಿದ್ದಿರುವ ಹಿಮ್ಮುಖ ಉದ್ಧರಣ ಚಿಹ್ನೆ. ತುಣುಕಿನೊಳಗೇ ಆ ಚಿಹ್ನೆ ಬಂದರೆ ಹೊರಗೆ ಎರಡು ಹಾಕಿ ಸುತ್ತುವರಿಯಬಹುದು. ಸ್ಕ್ರೈಬ್‌ನ ಹಳೆಯ ಜಾಣ್ಮೆ ಹೀಗೆ ಹೊಸ ರೂಪದಲ್ಲಿ ಮರಳಿತು.

ಮಾರ್ಕ್‌ಡೌನ್ ಗೆದ್ದಿತು, ಆದರೆ ಸರಳತೆಯೂ ಬಿಟ್ಟಿ ಬರುವುದಿಲ್ಲ. ಗ್ರೂಬರ್ ಅವರ ವಿವರಣೆಯಲ್ಲಿ ಹಲವು ಮೂಲೆಗಳು ಅಸ್ಪಷ್ಟವಾಗಿದ್ದವು. ಒಂದೇ ಬರಹ ಒಂದು ಕಡೆ ಒಂದು ರೀತಿ, ಇನ್ನೊಂದು ಕಡೆ ಇನ್ನೊಂದು ರೀತಿ ಕಾಣತೊಡಗಿತು. 2014ರಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕರಾದ ಜಾನ್ ಮ್ಯಾಕ್‌ಫಾರ್ಲೇನ್ ಮತ್ತು ಸಂಗಡಿಗರು ಕಾಮನ್‌ಮಾರ್ಕ್ ಎಂಬ ಖಚಿತ ವಿವರಣೆ ಸಿದ್ಧಪಡಿಸಿದರು. ನಕ್ಷತ್ರ ಮತ್ತು ಅಡಿಗೆರೆಗಳಿಂದ ಒತ್ತು ಕೊಡುವ ಈ ಅತಿ ಸರಳ ಉಪಾಯವನ್ನು ವಿವರಿಸಲು ಅದರಲ್ಲಿ ಬೇಕಾದ ನಿಯಮಗಳು ಹದಿನೇಳು!

ಕನ್ನಡದ ಪ್ರತ್ಯಯಕ್ಕೆ ಎಲ್ಲಿ ಜಾಗ?

ಈ ಕಥೆಯಲ್ಲಿ ಕನ್ನಡಿಗರು ಗಮನಿಸಬೇಕಾದ ಒಂದು ಅಂಶವಿದೆ. ಮೇಲಿನ ವ್ಯವಸ್ಥೆಗಳಲ್ಲಿ ಕೆಲವು ಪದದ ಆಚೀಚೆ ಖಾಲಿ ಜಾಗವಿರುತ್ತದೆ ಎಂಬ ಇಂಗ್ಲಿಷಿನ ಅನುಭವದ ಮೇಲೆ ನಿಂತಿವೆ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೇ ಅಂಟಿಕೊಳ್ಳುತ್ತದೆ. ‘ಕಡತವನ್ನು ತೆರೆಯಿರಿ’ ಎಂಬಲ್ಲಿ ‘ಕಡತ’ ಎಂಬುದನ್ನಷ್ಟೇ ದಪ್ಪ ಮಾಡಬೇಕೆಂದರೆ **ಕಡತ**ವನ್ನು ಎಂದು ಬರೆಯಬೇಕು. ರೀಸ್ಟ್ರಕ್ಚರ್ಡ್‌ಟೆಕ್ಸ್ಟ್‌ನಲ್ಲಿ ಮುಕ್ತಾಯದ ಗುರುತಿನ ನಂತರ ಖಾಲಿ ಜಾಗ ಅಥವಾ ವಿರಾಮಚಿಹ್ನೆ ಇರಲೇಬೇಕು. ಇಲ್ಲಿ ‘ವ’ ಇರುವುದರಿಂದ ಅದು ಗುರುತೇ ಅಲ್ಲವೆಂದು ಯಂತ್ರ ತೀರ್ಮಾನಿಸಿ ನಕ್ಷತ್ರಗಳನ್ನು ಹಾಗೆಯೇ ಮುದ್ರಿಸುತ್ತದೆ. ನಡುವೆ ಬ್ಯಾಕ್‌ಸ್ಲ್ಯಾಶ್ ಹಾಕಿ ಒಂದು ಜಾಗ ಬಿಟ್ಟರೆ ಮಾತ್ರ ಕೆಲಸ ಆಗುತ್ತದೆ. ಕಾಮನ್‌ಮಾರ್ಕ್‌ನಲ್ಲಿ ನಕ್ಷತ್ರ ಹಾಕಿದರೆ ಸರಿ. ಅಡಿಗೆರೆ ಹಾಕಿದರೆ ಇಲ್ಲ. ನಕ್ಷತ್ರದ ಒಳಗೆ ಉದ್ಧರಣ ಚಿಹ್ನೆಯೂ ಇದ್ದು ಹೊರಗೆ ಪ್ರತ್ಯಯ ಅಂಟಿಕೊಂಡಿದ್ದರೆ ನಕ್ಷತ್ರವೂ ಸೋಲುತ್ತದೆ. ಜಪಾನಿ, ಚೀನಿ, ಕೊರಿಯನ್ ಭಾಷೆಗಳಲ್ಲಿ ಬರೆಯುವವರೂ ಇದೇ ದೂರನ್ನು ಹೇಳುತ್ತ ಬಂದಿದ್ದಾರೆ.

ಸಂಧಿಯ ಪ್ರಶ್ನೆ ಇನ್ನೂ ಸೂಕ್ಷ್ಮ. ‘ಹೆಸರು’ ಎಂಬುದಕ್ಕೆ ಪ್ರತ್ಯಯ ಸೇರಿ ‘ಹೆಸರಿನಿಂದ’ ಆದಾಗ ಮೂಲಪದ ಎಲ್ಲಿ ಮುಗಿಯಿತು? ‘ರಿ’ ಅಕ್ಷರವನ್ನು ಸೀಳಿ ನಡುವೆ ಗುರುತು ಹಾಕಿದರೆ ಗುಣಿತದ ಚಿಹ್ನೆ ತಬ್ಬಲಿಯಾಗುತ್ತದೆ. ‘ಎಂಬ ಕಡತವನ್ನು’, ‘ಎಂಬ ಆಜ್ಞೆಯಿಂದ’ ಎಂದು ಒಂದು ಪದ ಹೆಚ್ಚಿಗೆ ಸೇರಿಸಿದರೆ ಪ್ರತ್ಯಯ ಆ ಪದಕ್ಕೆ ಹೋಗಿ ಗುರುತು ಪಾರಾಗುತ್ತದೆ. ಉಪಾಯವೇನೋ ಒಳ್ಳೆಯದೇ. ಆದರೆ ಯಂತ್ರದ ಅನುಕೂಲಕ್ಕೆ ವಾಕ್ಯ ಬಗ್ಗಿತು ಎಂಬುದನ್ನು ಮರೆಯಬಾರದು.

ಕೀಲಿಮಣೆಯ ಮಾತೂ ಇದೆ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಚೌಕಾವರಣದ ಕೀಲಿಯಲ್ಲಿ ‘ಡ’ ಕುಳಿತಿದೆ. ವಿಕಿಯಲ್ಲಿ ಕೊಂಡಿ ಹಾಕಲು ಎರಡೆರಡು ಚೌಕಾವರಣ ಬೇಕು; ಪ್ರತಿ ಸಲವೂ ಇಂಗ್ಲಿಷಿಗೆ ಹೋಗಿಬರಬೇಕು. ಕೆ. ಪಿ. ರಾವ್ ಅವರ ವಿನ್ಯಾಸ ಇಂಗ್ಲಿಷ್ ಅಕ್ಷರಗಳ 26 ಕೀಲಿಗಳಲ್ಲೇ ಕನ್ನಡವನ್ನೆಲ್ಲ ಹೊಂದಿಸಿರುವುದರಿಂದ ಅಲ್ಲಿ ಈ ತೊಂದರೆಯಿಲ್ಲ. ಇನ್ನು ಓರೆ ಅಕ್ಷರದ ವಿಚಾರ. ಇಂಗ್ಲಿಷಿಗೆ ಅದರದೇ ಆದ ಓರೆ ಅಕ್ಷರಗಳ ಪರಂಪರೆ ಇದೆ. ಕನ್ನಡದಲ್ಲಿ ನೆಟ್ಟಗಿನ ಅಕ್ಷರವನ್ನೇ ಯಂತ್ರ ವಾಲಿಸುತ್ತದೆ, ಅಷ್ಟೆ. ‘ಓರೆಯಾಗಿರಲಿ’ ಎಂಬ ಗುರುತು ಕನ್ನಡಕ್ಕೆ ಬಂದಾಗ ಬಡವಾಗುತ್ತದೆ. ‘ಇದು ಒತ್ತಿನ ಪದ’ ಎಂಬ ಗುರುತಾದರೆ ಬಣ್ಣವನ್ನೋ ದಪ್ಪವನ್ನೋ ಕನ್ನಡಕ್ಕೆ ಒಪ್ಪುವಂತೆ ಆರಿಸಬಹುದು. ರೂಪಕ್ಕಿಂತ ಅರ್ಥ ಮುಖ್ಯ ಎಂದ 1967ರ ವಾದಕ್ಕೆ ನಮ್ಮ ಭಾಷೆಯೇ ಒಳ್ಳೆಯ ಸಾಕ್ಷಿ.

ಗುರುತುಗಳ ಆಯ್ಕೆ ಸಣ್ಣ ವಿಷಯವೆಂದು ಕಾಣಬಹುದು. ಆದರೆ ಯಾರು ಬರೆಯಬಲ್ಲರು, ಬರೆದದ್ದನ್ನು ಎಷ್ಟು ಕಾಲ ಓದಬಹುದು ಎಂಬುದನ್ನು ತೀರ್ಮಾನಿಸುವುದು ಈ ಆಯ್ಕೆಯೇ. ಟ್ರಾಫ್‌ನ ಐವತ್ತು ವರ್ಷಗಳ ಹಿಂದಿನ ಕಡತವನ್ನು ಇಂದಿಗೂ ತೆರೆದು ಓದಬಹುದು, ಏಕೆಂದರೆ ಅದು ಬರೀ ಅಕ್ಷರಗಳಿಂದಾದದ್ದು. ಅದೇ ತಂತ್ರಾಂಶ ಕಂಪನಿಗಳ ಸ್ವಂತ ಗುಪ್ತರೂಪಗಳಲ್ಲಿ ಉಳಿಸಿದ ಕಡತಗಳನ್ನು, ಆ ತಂತ್ರಾಂಶ ಮರೆಯಾದ ಮೇಲೆ, ತೆರೆಯುವುದೇ ಕಷ್ಟ. ಕಾಮನ್‌ಮಾರ್ಕ್ ಸಿದ್ಧಪಡಿಸಿದ ಮ್ಯಾಕ್‌ಫಾರ್ಲೇನ್ ಅವರೇ 2022ರಲ್ಲಿ ಅದಕ್ಕಿಂತ ಸರಳ ನಿಯಮಗಳ ಜಾಟ್ ಎಂಬ ಇನ್ನೊಂದು ಪದ್ಧತಿಯನ್ನು ಮುಂದಿಟ್ಟರು. ಚರ್ಚೆ ಇನ್ನೂ ಮುಗಿದಿಲ್ಲ ಎಂದಾಯಿತು. ಕನ್ನಡದಲ್ಲಿ ತಂತ್ರಾಂಶಗಳ ಬಗ್ಗೆ ಬರೆಯುವವರು ಹೆಚ್ಚಿದಂತೆ, ಪ್ರತ್ಯಯಕ್ಕೂ ಸಂಧಿಗೂ ಜಾಗ ಕೇಳುವ ದನಿಯೂ ಆ ಚರ್ಚೆಯಲ್ಲಿ ಸೇರಬೇಕು. ನಿಯಮ ಬರೆಯುವ ಹೊತ್ತಿನಲ್ಲಿ ಕೇಳಿಸದ ಭಾಷೆ, ಆಮೇಲೆ ಪ್ರತಿ ಪದಕ್ಕೂ ಬ್ಯಾಕ್‌ಸ್ಲ್ಯಾಶ್ ಹಾಕುತ್ತ ಕೂರಬೇಕಾಗುತ್ತದೆ.